ಖಣಿಯ ಉಣ್ಣೆಗಿಡ

ಶವ ಹೊರುವ ಜನಾಜಾದ ಮಂಚಕ್ಕೆ ಹಸಿರು ಬಟ್ಟೆ ಹೊದಿಸುತ್ತಿದ್ದ ಮುಕ್ರಮ ಕೈ ನಿಲ್ಲಿಸಿ ಕೇಳಿದ, "ಮೌಲಾನಾ, ಫುಫೂನ ಖಬರಿನ್ಯಾಗ ಇಳಸಾಕ ನನ್ನ ಜೋಡಿ ಯಾರು?"

ಶಹಾಬಾದಿನ ಕಲ್ಲುಖಣಿಯ ಪಕ್ಕದ ಓಣಿ ಜನರಿಂದ ತುಂಬಿತ್ತು. ಒಳಗೆ ಮಲಗಿದ್ದ ಕಮರುನ್ನೀಸಾಗೆ ಗಂಡನಿಲ್ಲ, ಮಕ್ಕಳಿಲ್ಲ. ಫುಫೂ, ಅಂದರೆ ಸೋದರತ್ತೆ, ಎಂದು ಕರೆಯಲು ಅಣ್ಣನ ಮಗ ಮುಕ್ರಮ ಒಬ್ಬನೇ.

"ತಮ್ಮ, ಮಗ, ಹಂಗ ಮನಿಯವರಿದ್ರ ಚೊಲೊ," ಎಂದರು ಮಸೀದಿಯ ಇಮಾಮ ಅಬ್ದುಲ್ ಕರೀಮ್. "ಇಲ್ಲಂದ್ರ ಓಣಿ ಹಿರೇರು ಇಳೀತಾರ. ಅಡ್ಡಿಯಿಲ್ಲ."

ಹೆಂಗಸರ ನಡುವಿನಿಂದ ಭೀಮಮ್ಮ ಎದ್ದಳು. ಕಮರುನ್ನೀಸಾಳ ಜೊತೆ ಅದೇ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಹೊತ್ತವಳು.

"ಮಗ ಅದಾನ್ರಿ," ಎಂದು ಬಾಗಿಲ ಬಳಿ ಅಳುತ್ತಿದ್ದ ಲಕ್ಷ್ಮಿಕಾಂತನ ಕಡೆ ಕೈ ತೋರಿಸಿದಳು. "ಹಡದಾಕಿ ನಾನು. ಹಾಲು ಆಕಿದು."

ಸಿಮೆಂಟ್ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವ, ಬಾಗಿಲು ತುಂಬುವಂಥ ಆಳು ಅವನು. ಕಮರುನ್ನೀಸಾಳನ್ನು ಖಾಲಾ, ಚಿಕ್ಕಮ್ಮ, ಎಂದು ಕರೆಯುತ್ತ ಬೆಳೆದವನು. ಈ ಮಾತು ಮಾತ್ರ ಅವನ ಕಿವಿಗೆ ಎಂದೂ ಬಿದ್ದಿರಲಿಲ್ಲ.

*

ಲಕ್ಷ್ಮಿಕಾಂತ ಹುಟ್ಟಿದ ಆ ಚಳಿಗಾಲ ಖಣಿಯ ತಳದಲ್ಲಿ ನೀರಿಂಗಿದ ಕೆಸರಿನ ಮೇಲೆಲ್ಲ ಉಣ್ಣೆಗಿಡ ಎದ್ದಿತ್ತು. ಗೇಣುದ್ದವೂ ಬೆಳೆಯದ ಗಿಡ. ಎಲೆ, ಕಾಂಡ, ಮೊಗ್ಗು ಎಲ್ಲಕ್ಕೂ ಬಿಳಿ ಉಣ್ಣೆ. ಸೇವಂತಿಯ ಬಳಗದ್ದೆಂದರೆ ಯಾರೂ ನಂಬರು. ಬಿಸಿಲು ಬಲಿತರೆ ಬೀಜ ಚೆಲ್ಲಿ ಸತ್ತುಹೋಗುತ್ತದೆ. ಮೇಕೆಯೂ ಮೂಸಿ ಬಿಡುವ ಆ ಕಸವನ್ನು ತುಂಬು ಬಸುರಿ ಕಮರುನ್ನೀಸಾ ಕಿತ್ತು ಒಣಗಿಸಿ, ಅಂಗೈಯಲ್ಲಿ ತಿಕ್ಕಿ, ಉಣ್ಣೆಯನ್ನಷ್ಟೇ ಉಳಿಸಿಕೊಳ್ಳುತ್ತಿದ್ದಳು. ಹುಟ್ಟುವ ಕೂಸಿಗೆ ಹಾಸಿಗೆ. ಅಷ್ಟೆಲ್ಲ ಕಿತ್ತರೂ ತುಂಬಿದ್ದು ಒಂದು ಸಣ್ಣ ಚೀಲ.

ಕೂಸು ಹುಟ್ಟಿತು. ಅಳಲಿಲ್ಲ.

ಅದನ್ನು ಮಣ್ಣು ಮಾಡಿದ ವಾರದಲ್ಲೇ ಭೀಮಮ್ಮನಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಬೊಗಸೆಯಷ್ಟು ಮಗು, ಮುಟ್ಟಿದರೆ ತಣ್ಣಗೆ. ತಾಯಿಗೆ ಮೈಮೇಲೆ ಎಚ್ಚರವಿಲ್ಲದಂಥ ಜ್ವರ. ದವಾಖಾನೆ ಮುಟ್ಟುವತನಕ ಉಳಿಯದೆಂದು ಸೂಲಗಿತ್ತಿ ಕೈಚೆಲ್ಲಿದಳು. ಯಾರೂ ಕರೆಯದೆ ಕಮರುನ್ನೀಸಾ ಬಂದಳು. ಚೀಲದ ಹೊಲಿಗೆ ಬಿಚ್ಚಿ, ಮಗುವನ್ನು ಉಣ್ಣೆಯೊಳಗೆ ಹುದುಗಿಸಿ, ಮುಖವೊಂದನ್ನೇ ಹೊರಗಿಟ್ಟು ಎದೆಗೆ ಕಟ್ಟಿಕೊಂಡಳು. ಚೀಪಲೂ ಬಾರದ ಬಾಯಿಗೆ ಹನಿಹನಿಯಾಗಿ ತನ್ನ ಹಾಲು ಹಿಂಡಿದಳು.

ಹೋಳಿಹುಣ್ಣಿಮೆಯ ಹೊತ್ತಿಗೆ ಖಣಿಯ ಗಿಡವೆಲ್ಲ ಒಣಗಿ ಉದುರಿತ್ತು. ಮಗು ಓಣಿಗೆಲ್ಲ ಕೇಳುವಂತೆ ಅಳುತ್ತಿತ್ತು. ಕಮರುನ್ನೀಸಾ ಅದನ್ನು ತಾಯಿಯ ಮಡಿಲಿಗೆ ಹಾಕಿದಳು.

"ತಗೋ ಭೀಮವ್ವ, ನಿನ್ನ ಮಗ. ನಾ ಕುಡಿಸಿದ್ದು ಅವಂಗ ಹೇಳಬ್ಯಾಡ. ಇಬ್ಬರ ನಡುವ ಅವನ ಜೀವ ಎಳದಾಡಬಾರದು."

*

"ಭಾಳ ದಿನ ಕುಡಿಸಿದಳೇನು?" ಅಬ್ದುಲ್ ಕರೀಮ್ ಮೆಲ್ಲಗೆ ಕೇಳಿದರು.

"ಹೋಳಿತನಕರಿ. ಎದಿಯಿಂದ ಇಳಿಸಿದ್ದೇ ಇಲ್ಲ."

"ನಾನೂ ನೋಡೀನಿ," ಎಂದಳು ನೆರೆಮನೆಯ ಮುದುಕಿ ಅಖ್ತರ ಬೇಗಂ. "ಬೆಳ್ಳನ ಉಣ್ಣಿಯೊಳಗ ಕಡ್ಲಿಕಾಳಿನಂಥ ಮೂಗು ಉಸಿರಾಡಾಕತ್ತಿತ್ತು. ಖುದಾನ ಕಸಮ್, ಹತ್ರ ಹೋಗಾಕ ಅಂಜಿದ್ದೆ."

ಎಲ್ಲರೂ ಲಕ್ಷ್ಮಿಕಾಂತನ ಅಗಲವಾದ ಭುಜಗಳನ್ನು ಇವತ್ತೇ ಮೊದಲು ಕಂಡವರಂತೆ ನೋಡುತ್ತಿದ್ದರು. ಇಮಾಮರು ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟರು.

"ಹಾಲು ಕುಡದಾವ ಮಗಾನೇ. ನಮ್ಮಲ್ಲಿ ಅದು ರಕ್ತದಷ್ಟೇ ಖರೆ. ಇಳಿ ಬೇಟಾ."

"ನನಗ್ಯಾಕ ಹೇಳಲಿಲ್ಲಬೇ ಯವ್ವಾ?"

"ಆಕಿಗಿ ಮಾತು ಕೊಟ್ಟಿದ್ದೆ." ಭೀಮಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು. "ನಡಿ, ಆಕಿನ ಕಾಯಿಸಬ್ಯಾಡ."

ಖಬರಸ್ತಾನದಲ್ಲಿ ಲಕ್ಷ್ಮಿಕಾಂತ ಚಪ್ಪಲಿ ಬಿಟ್ಟು ಮುಕ್ರಮನ ಹಿಂದೆ ಕುಣಿಗಿಳಿದ. ಭಾರ ತಡೆಯಲು ಕಾಲೂರಿ ನಿಂತಿದ್ದ. ಕೈಗೆ ಬಂದವಳಿಗೆ ಭಾರವೇ ಇರಲಿಲ್ಲ. ಹೆಣಕ್ಕೆ ಸುತ್ತಿದ ಕಫನಿನ ಗಂಟು ಬಿಚ್ಚುವುದನ್ನು ಮುಕ್ರಮ ತೋರಿಸಿಕೊಟ್ಟ. ದಿನವಿಡೀ ಕಬ್ಬಿಣ ಎತ್ತಿಸುವ ಬೆರಳುಗಳು ಆ ಗಂಟನ್ನು ಎಳೆಎಳೆಯಾಗಿ ಬಿಡಿಸಿದವು.

"ಸಾಕು, ಮ್ಯಾಲ ಬಾ," ಎಂದರು ಯಾರೋ.

ಅವನು ತಲೆಯೆತ್ತಿದ. ಕುಣಿಯ ಸುತ್ತಲಿಂದ ಹತ್ತಾರು ಕೈಗಳು ಒಮ್ಮೆಲೇ ಕೆಳಗೆ ಚಾಚಿಕೊಂಡಿದ್ದವು. ಯಾವುದನ್ನು ಹಿಡಿಯಬೇಕೋ ತಿಳಿಯದೆ ಅಷ್ಟು ದೊಡ್ಡ ಆಳು ಎರಡೂ ತೋಳುಗಳನ್ನು ಮೇಲಕ್ಕೆತ್ತಿ ನಿಂತ.