ಬಾರದಿರಿ ಎಂದ ಬಾಂಗು

ಒಮಾನಿನ ಬೌಷರಿನಲ್ಲಿ, ಗುಡ್ಡದ ಬುಡದಲ್ಲಿ ಒಂದು ಸಣ್ಣ ಮಸೀದಿ, ಅದರ ಮುಂದೆಯೇ ವಾದಿ. ವಾದಿ ಎಂದರೆ ನೀರಿಲ್ಲದ ಹೊಳೆ. ವರ್ಷದ ಬಹುಪಾಲು ಬರೀ ಕಲ್ಲು, ಜಲ್ಲಿ, ಆಡಿನ ಹಿಕ್ಕೆ. ಆಚೆ ದಡದಲ್ಲಿ ಕೆಲಸಗಾರರ ಬಿಡಾರ. ಅಲ್ಲಿಯವರಿಗೆ ಸೇತುವೆಯ ಸುತ್ತುದಾರಿ ಇದ್ದರೂ ಯಾರೂ ಸುತ್ತುವುದಿಲ್ಲ. ನಮಾಜಿಗೆ ಕರೆಯುವ ಬಾಂಗು ಕೇಳಿದೊಡನೆ ವಾದಿಗೇ ಇಳಿದು ನಡೆದು ಬರುತ್ತಾರೆ.

ಬಾಂಗು ಕೊಡುವವರು ಉಪ್ಪಿನಂಗಡಿಯ ಉಮ್ಮರ್ ಬ್ಯಾರಿ. ಕಳೆದ ವರ್ಷ ಒಂದು ದಿನ ಅಸರ್, ಅಂದರೆ ಇಳಿಹೊತ್ತಿನ ನಮಾಜಿನ ಸಮಯದಲ್ಲಿ ಅವರ ಮಗ ರಹ್ಮತ್, ಬಿಡಾರಕ್ಕೆ ಅಂಗಡಿಯ ಸಾಮಾನು ಕೊಡಲು ಹೋದವನು, ತಂದೆಯ ಬಾಂಗು ಕೇಳಿ ವಾದಿಗೆ ಇಳಿದಿದ್ದ. ಮೇಲೆ ಒಳ್ಳೆಯ ಬಿಸಿಲಿತ್ತು. ನೇತ್ರಾವತಿಯಲ್ಲಿ ಈಜು ಕಲಿತವನು ನೀರಿಗೆ ಹೆದರಿದವನಲ್ಲ. ಹೊಳೆ ತುಂಬುತ್ತದೋ ಎಂದು ತಿಳಿಯಲು ನಮ್ಮ ಕಡೆಯವರು ತಲೆಯೆತ್ತಿ ಮೋಡ ನೋಡುತ್ತಾರೆ. ಈ ನಾಡಿನಲ್ಲಿ ಮಳೆ ಕಣ್ಣಿಗೆ ಕಾಣದ ಬೆಟ್ಟದಾಚೆ ಸುರಿಯುತ್ತದೆ, ನೀರು ಬಿಸಿಲಿನಲ್ಲಿಯೇ ಬರುತ್ತದೆ. ಕೊಚ್ಚಿಹೋದ ರಹ್ಮತನ ಮಯ್ಯತ್ತು ಮರುದಿನ ಬಹಳ ಕೆಳಗೆ ಒಂದು ಮುಳ್ಳುಮರಕ್ಕೆ ಸಿಕ್ಕಿಕೊಂಡಿತ್ತು.

ಕೊಟ್ಟವನೇ ಕೊಂಡುಹೋದ ಎಂದು ಉಮ್ಮರ್ ಬ್ಯಾರಿ ಬಂದವರಿಗೆಲ್ಲ ಹೇಳಿದರು, ಮನಸ್ಸಿನಿಂದಲೇ ಹೇಳಿದರು. ಆದರೆ ಅಂದಿನಿಂದ ಬಾಂಗಿನಲ್ಲಿ ‘ಹಯ್ಯ ಅಲಸ್ಸಲಾಹ್’, ನಮಾಜಿಗೆ ಬನ್ನಿ ಎಂಬಲ್ಲಿಗೆ ಬಂದರೆ ಗಂಟಲು ಕಟ್ಟುತ್ತಿತ್ತು. ಮುದುಕರಿಗೆ ಕೆಮ್ಮು ಎಂದು ಜನ ತಿಳಿದರು. ಸೊಸೆ, ರಹ್ಮತನ ಹೆಂಡತಿ ಜುವೈರಿಯಾಳಿಗೆ ಮಾತ್ರ ಅದು ಕೆಮ್ಮಲ್ಲವೆಂದು ಗೊತ್ತಿತ್ತು.

ಈ ರಂಜಾನಿನಲ್ಲಿ ಮಾವ ಸೊಸೆ ಸೇರಿ ಮಸೀದಿಯ ಇಫ್ತಾರಿಗೆ ಗಂಜಿ ಕಾಯಿಸುತ್ತಿದ್ದರು. ಬಿಡಾರದವರು ಅಸರ್ ನಮಾಜಿಗೆ ಬಂದರೆ ಉಪವಾಸ ಬಿಟ್ಟೇ ಹೋಗುವುದು. ರಹ್ಮತನ ಗೆಳೆಯ, ಕ್ರೇನ್ ಓಡಿಸುವ ಶಾಫಿ, ರಾತ್ರಿ ಪಾಳಿಯವರಿಗೆ ಗಂಜಿ ಒಯ್ಯಲೆಂದು ದಿನವೂ ಒಂದು ಕೆಂಪು ಬಕೆಟ್ ತರುತ್ತಿದ್ದ.

“ಉಮ್ಮರಾಕ, ನಿಮ್ಮ ಗಂಜಿಯಲ್ಲಿ ಮುಳುಗಿ ಹುಡುಕಿದ್ರೆ ಒಂದು ಅಕ್ಕಿಕಾಳು ಸಿಕ್ಕೀತು,” ಎಂದು ಹಿಂದಿನ ದಿನವಷ್ಟೇ ಛೇಡಿಸಿದ್ದ.

“ಕಾಳು ಬೇಕಾದ್ರೆ ಬಕೆಟ್ ತರುದಲ್ಲ ಮಾರಾಯ, ಚಮಚ ತಾ,” ಎಂದಿದ್ದರು ಇವರು.

ಆ ಶುಕ್ರವಾರ ಅಸರಿಗೆ ಸ್ವಲ್ಪ ಮುಂಚೆ, ನೆರೆಯ ಒಮಾನಿ ಹಮದ್ ಬೆಟ್ಟದ ದಾರಿಯಿಂದ ಪಿಕಪ್ ಓಡಿಸಿಕೊಂಡು ಬಂದ. ಮೇಲೆ ಭಾರೀ ಮಳೆ, ವಾದಿಯಲ್ಲಿ ನೀರು ಇಳಿದು ಬರುತ್ತಿದೆ ಎಂದು ಹೇಳಿ, ರಸ್ತೆಯಲ್ಲಿ ಕಾರುಗಳನ್ನು ತಡೆಯಲು ಧಾವಿಸಿದ. ಉಮ್ಮರ್ ಬ್ಯಾರಿ ತಲೆಯೆತ್ತಿದರು. ಆಕಾಶ ತೊಳೆದಿಟ್ಟ ಪಿಂಗಾಣಿ ಬಸಿಯಂತಿತ್ತು. ಶಾಫಿಗೆ ಫೋನು ಮಾಡಿದರೆ ನೆಟ್‌ವರ್ಕ್ ಇಲ್ಲ. ಊರಿಗೆ ಹೋದ ಇಮಾಮರೂ ಸಿಗಲಿಲ್ಲ.

ಜುವೈರಿಯಾ ಒಲೆಯ ಮುಂದಿನಿಂದ ಎದ್ದು ಬಂದಳು. ಇವತ್ತು ಬಾಂಗೇ ಕೊಡಬೇಡಿ ಎಂದಳು. ಕೊಡದಿದ್ದರೆ ಗಡಿಯಾರ ನೋಡಿಕೊಂಡು ಬರುತ್ತಾರೆ ಎಂದರು ಮಾವ. ಮೈಕಿನಲ್ಲಿ ಬರಿದೆ ಕೂಗಿ ಹೇಳಿದರೆ? ಎಂದಳು ಅವಳು. ಮೈಕಿನಲ್ಲಿ ದಿನಕ್ಕೊಂದು ಪ್ರಕಟಣೆ ಇರುತ್ತದೆ, ಯಾರು ಕಿವಿಗೊಡುತ್ತಾರೆ? ಅವರು ನಿಂತು ಕೇಳುವುದು ಬಾಂಗನ್ನು ಮಾತ್ರ.

ಮಳೆಗಾಲದ ಕಷ್ಟದಲ್ಲಿ ಬಾಂಗಿನಲ್ಲಿಯೇ ಹೇಳುವ ಒಂದು ಮಾತಿದೆ: ಇದ್ದಲ್ಲಿಯೇ ನಮಾಜು ಮಾಡಿ. ಎಳವೆಯಲ್ಲಿ ಉಸ್ತಾದರು ಕಲಿಸಿದ್ದರು. ಬಾಯಿಗೆ ಎಂದೂ ಬಂದದ್ದಿಲ್ಲ. ಇಮಾಮರನ್ನು ಕೇಳದೆ ಹೇಳಬಹುದೇ? ಜೀವಮಾನವಿಡೀ ಬನ್ನಿ ಎಂದು ಕರೆದ ನಾಲಗೆ ಬರಬೇಡಿ ಎನ್ನಬಹುದೇ?

ಅಷ್ಟರಲ್ಲಿ ಆಚೆ ದಡದಲ್ಲಿ ಕೆಂಪು ಬಕೆಟ್ ಕಂಡಿತು. ಶಾಫಿ ಬಾಂಗಿಗೂ ಕಾಯದೆ ಇಳಿಯುತ್ತಿದ್ದ. ಹಿಂದೆ ಸಾಲಾಗಿ ಜನ.

ಉಮ್ಮರ್ ಬ್ಯಾರಿ ಮೈಕಿನ ಮುಂದೆ ನಿಂತು ಕಿವಿಗೆ ಬೆರಳಿಟ್ಟರು. ಗಂಟಲು ಕಟ್ಟುವ ಜಾಗ ಬಂತು. ಅಲ್ಲಿ ಅವರು, “ಸಲ್ಲೂ ಫೀ ರಿಹಾಲಿಕುಂ,” ಇದ್ದಲ್ಲಿಯೇ ನಮಾಜು ಮಾಡಿ ಎಂದರು. ಸ್ವರ ಒಡೆಯಲಿಲ್ಲ. ಇನ್ನೊಮ್ಮೆ ಅದನ್ನೇ ಹೇಳಿದರು. ಬಾಂಗು ಮುಗಿಸಿ, “ಭಾಯ್, ವಾದಿ ಆ ರಹಾ ಹೈ, ಮತ್ ಆಓ,” ನೀರು ಬರುತ್ತಿದೆ, ಬರಬೇಡಿ ಎಂದು ಹಿಂದಿಯಲ್ಲಿ ಕೂಗಿದರು.

ಆ ಹೊಸ ಮಾತಿಗೇ ಶಾಫಿಯ ಕಾಲು ವಾದಿಯ ನಡುವೆ ನಿಂತಿತ್ತು. ಕೇಳಿ ಅಭ್ಯಾಸವಾದ ಬಾಂಗು ಬೇರೆಯಾಗಿ ಕೇಳಿದರೆ ಯಾರ ಕಾಲಾದರೂ ನಿಲ್ಲುತ್ತದೆ. ಹಿಂದಿಯ ಮಾತು ಕಿವಿಗೆ ಬಿದ್ದದ್ದೇ ಅವನು ತಿರುಗಿ, ಹಿಂದಿನವರನ್ನು ನೂಕಿಕೊಂಡು ದಡ ಹತ್ತಿದ. ಆಮೇಲೆ ಸದ್ದು ಬಂತು, ಸದ್ದಿನ ಹಿಂದೆಯೇ ಕೆಮ್ಮಣ್ಣಿನ ನೀರು ಕಲ್ಲುಗಳನ್ನು ಉರುಳಿಸಿಕೊಂಡು ಬಂತು.

ಆಚೆ ದಡದಲ್ಲಿ ಅವರು ಸಾಲಾಗಿ ನಮಾಜಿಗೆ ನಿಂತರು. ಈಚೆ ಮಾವ, ಹಿಂದೆ ಸೊಸೆ. ನಮಾಜು ಮುಗಿದರೂ ಉಮ್ಮರ್ ಬ್ಯಾರಿ ಚಾಪೆಯಿಂದ ಏಳಲಿಲ್ಲ.

“ಆವತ್ತು ಈ ಮಾತು ನನ್ನ ಬಾಯಿಗೆ ಬರ್ಲಿಲ್ಲವಲ್ಲ, ಮಗಳೇ.”

“ಆವತ್ತು ನಿಮ್ಗೆ ಯಾರೂ ಹೇಳಿರ್ಲಿಲ್ಲ, ಮಾವ. ಇವತ್ತು ಹೇಳಿದ್ರು,” ಎಂದಳು ಜುವೈರಿಯಾ. ಒಲೆಯತ್ತ ತಿರುಗಿ, “ಏಳಿ, ಗಂಜಿ ತಳ ಹಿಡೀತದೆ,” ಎಂದಳು.

ಸಂಜೆ ಹಮದ್ ರಸ್ತೆಯಲ್ಲಿ ತಡೆದಿದ್ದ ಕಾರಿನವರನ್ನೆಲ್ಲ ಕರೆತಂದ. ಸೂರ್ಯ ಮುಳುಗಿದ. ಮಸೀದಿಯ ಮುಂದೆ ಗುರುತಿಲ್ಲದ ಜನ ಬಟ್ಟಲು ಹಿಡಿದು ಕುಳಿತರು. ಆಚೆ ದಡದಿಂದ ಮಾತು ಕೇಳುವಂತಿರಲಿಲ್ಲ, ನೀರಿನ ಮೊರೆತ ಅಷ್ಟಿತ್ತು. ಶಾಫಿ ಖಾಲಿ ಬಕೆಟನ್ನು ಎತ್ತಿ, ಬೋರಲು ಹಾಕಿ ತೋರಿಸಿದ. ಉಮ್ಮರ್ ಬ್ಯಾರಿ ಗಂಜಿಯ ಸೌಟನ್ನು ಎತ್ತಿ ಅವನಿಗೆ ತೋರಿಸಿದರು. ನಾಳೆ ಬಾ ಎಂದು ಕೈಮಾಡಿ, ಪಕ್ಕದವನ ಬಟ್ಟಲಿಗೆ ಬಡಿಸಿದರು.