ಮೈಸೂರಿಗೆ ಬಿದ್ದ ಹೂವು

ನಮ್ಮಪ್ಪ ಪುಟ್ಟಬಸಪ್ಪ ಹೋರಿ ಕೊಳ್ಳುವುದಕ್ಕೂ ದೇವರನ್ನು ಕೇಳುತ್ತಾನೆ, ಹುಚ್ಚೆಳ್ಳು ಬಿತ್ತುವುದಕ್ಕೂ ಕೇಳುತ್ತಾನೆ. ಬಾವಿ ತೋಡುವ ಮುಂಚೆಯೂ ಕೇಳಿದ್ದ. ದೇವರು ಬಲಗಡೆ ಹೂ ಕೊಟ್ಟ, ಅಂದರೆ ಆಗಲಿ ಎಂದ. ಬಾವಿಯಲ್ಲಿ ಇವತ್ತಿಗೂ ನೀರಿಲ್ಲ, ನಾಲ್ಕು ಕಪ್ಪೆಗಳಿವೆ.

ಇಂಥ ಅಪ್ಪನ ಮಗಳು ಶಾಂತಮಲ್ಲಮ್ಮ, ನನ್ನ ತಂಗಿ. ಸತ್ಯಮಂಗಲದ ಹಾಸ್ಟೆಲಿನಲ್ಲಿದ್ದು ಪ್ಲಸ್ ಟೂ ಮುಗಿಸಿ, ಇಂಜಿನಿಯರಿಂಗ್ ಸೀಟು ಸಿಗುವಷ್ಟು ನಂಬರು ತೆಗೆದುಕೊಂಡು ಗಡಿಯ ತಮಿಳುನಾಡು ಬದಿಗಿರುವ ನಮ್ಮೂರು ತಿಗನಾರೆಗೆ ಬಂದಳು. ಎಂಬತ್ತಾರನೇ ಇಸವಿ. ತಮಿಳುನಾಡಿನೊಳಗೆ ಯಾವ ಊರಿನ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಅರ್ಜಿಯಲ್ಲಿ ಬರೆದು ಶನಿವಾರ ತಾಳವಾಡಿಯ ಅಂಚೆಗೆ ಹಾಕಬೇಕಿತ್ತು. ತಪ್ಪಿದರೆ ಸೀಟು ಇನ್ನೊಬ್ಬರ ಪಾಲು.

ನಾನು ಎಂಟನೇ ಕ್ಲಾಸಿನಲ್ಲೇ ಮೇಷ್ಟರ ಜೊತೆ ಜಗಳವಾಡಿ ಪುಸ್ತಕ ಎಸೆದು ಬಂದವನು. ಹಾಗಾಗಿ ಓದಿನ ವಿಷಯದಲ್ಲಿ ಮನೆಯಲ್ಲಿ ನನ್ನಷ್ಟು ಗಟ್ಟಿಯಾಗಿ ಮಾತಾಡುವವರು ಯಾರೂ ಇರಲಿಲ್ಲ.

"ಮದ್ರಾಸು! ಬೇರೆ ಮಾತೇ ಇಲ್ಲ" ಎಂದೆ.

"ಮದ್ರಾಸಲ್ಲಿ ನಮ್ಮೋರು ಯಾರವ್ರ್ಲಾ?" ಎಂದ ಅಪ್ಪ. "ಕೊಯಮತ್ತೂರಾದ್ರೆ ವಾರ್ಕೊಂದ್ಸಲ ರಾಗಿ ಇಟ್ಟು ತಕ್ಕೊಂಡು ಓಗ್ಬೋದು."

ಇದು ಸುಳ್ಳು ಬೆದರಿಕೆಯಲ್ಲ. ಸತ್ಯಮಂಗಲದ ಹಾಸ್ಟೆಲಿಗೆ ಎರಡು ವರ್ಷ ಪ್ರತಿ ಭಾನುವಾರ ಅಪ್ಪ, ಇಲ್ಲವೇ ನಾನು, ಘಾಟಿ ಇಳಿದು ರಾಗಿ ಹಿಟ್ಟಿನ ಚೀಲ ಹೊತ್ತುಕೊಂಡು ಹೋಗುತ್ತಿದ್ದೆವು. ಗೇಟಿನ ಹೊರಗೆ ನಿಂತು "ಅಮ್ಮೀ!" ಎಂದು ತಂಗಿಯನ್ನು ಕೂಗಿದರೆ ಮೂರು ಮಹಡಿಯ ಕಿಟಕಿಗಳಲ್ಲೂ ಹುಡುಗಿಯರು ಕಾಣಿಸಿಕೊಳ್ಳುತ್ತಿದ್ದರು. ಶಾಂತ ಮಾತ್ರ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು.

"ಸಾಮೀನೇ ಕೇಳ್ಬುಡ್ಮ" ಎಂದು ಅಪ್ಪ ಗುಡಿಗೆ ಹೊರಟ. ನಾವೆಲ್ಲ ಹಿಂದೆ.

ಪೂಜೆಯ ತಮ್ಮಡಿ ಸಿದ್ದಯ್ಯ ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ಲಿಂಗದ ಎಡಕ್ಕೊಂದು ಬಲಕ್ಕೊಂದು ಅಂಟಿಸಿದ. ಅಪ್ಪ ಕೈಮುಗಿದು ಗಂಟಲು ಸರಿಮಾಡಿಕೊಂಡ. ಅಲ್ಲೇ ಅವನ ಬುದ್ಧಿ ಹಳೇ ದಾರಿ ಹಿಡಿಯಿತು. ಆಸ್ಪತ್ರೆಗೂ ಮೈಸೂರು, ಸೀರೆಗೂ ಮೈಸೂರು, ಹೆಣ್ಣು ನೋಡುವುದಕ್ಕೂ ಆ ಕಡೆಯೇ.

"ಸಾಮಿ, ಮಗ್ಳುನ್ನ ಮೈಸೂರ್ಗೆ ಕಳ್ಸನಾ?"

"ಅಪ್ಪಾ, ಮೈಸೂರು ಬೇರೆ ರಾಜ್ಯ..." ಎಂದು ಶಾಂತ ಬಾಯಿ ತೆರೆಯುವಷ್ಟರಲ್ಲಿ ಬಲಗಡೆಯ ಹೂ ಟಪ್ಪನೆ ಬಿತ್ತು.

ನಮ್ಮ ಸಾಮಿ ಚೆಕ್‌ಪೋಸ್ಟು ಹುಟ್ಟುವುದಕ್ಕೆ ಮೊದಲಿನವನು. ಅವನಿಗೆ ಗಡಿ ಯಾರು ತೋರಿಸಿದ್ದಾರೆ?

ಮನೆಗೆ ಬಂದು ಅಪ್ಪ ಕಂಬಕ್ಕೊರಗಿ ಕೂತ. "ಸಾಮಿ ಮೈಸೂರು ಅಂದವ್ನೆ. ಅಲ್ಲಿ ಸೀಟು ಕೊಡಕ್ಕಿಲ್ಲ ಅಂದ್ರೆ ಉಡ್ಗಿ ಮನೇಲೇ ಇರ್ಲಿ. ಮಾತು ಮೀರಿ ಕಳ್ಸಕ್ಕಾದದಾ?"

"ಸಾಮಿಗೇನು ಗೊತ್ತು ಇಂಜಿನಿಯರಿಂಗು? ನಿನ್ ಬಾವೀಲಿ ನೀರ್ ಬಂತಾ?" ಎಂದು ನಾನು ಬೀದಿಗೆಲ್ಲ ಕೇಳುವಂತೆ ಕಿರುಚಿದೆ.

"ಕಪ್ಪೆ ಬಂದವಲ್ಲ. ಮುಂದಕ್ಕೆ ನೀರೂ ಬತ್ತದೆ" ಎಂದ ಅಪ್ಪ.

ಶಾಂತ ಅರ್ಜಿಯನ್ನು ಮಡಚಿ ಕಾಳಿನ ಡಬ್ಬದ ಕೆಳಗಿಟ್ಟಳು. ಅವತ್ತು ಅವಳು ಊಟಕ್ಕೆ ಏಳಲಿಲ್ಲ. ಅದನ್ನು ನೋಡಿ ಅವ್ವ ಗುರುಲಿಂಗಮ್ಮ ಸೆರಗು ಬಿಗಿದುಕೊಂಡು ಸಿದ್ದಯ್ಯನ ಮನೆಗೆ ಹೋದಳು. ಬಂದು ಒಂದೇ ಮಾತು ಹೇಳಿದಳು. "ಉತ್ರ ಸರ್ಯಾಗೇ ಅದೆ, ಪ್ರಶ್ನೆ ತಪ್ಪು. ತಪ್ಪು ಕಾಣಿಕೆ ಕಟ್ಟಿ ಇನ್ನೊಂದ್ಸಲ ಕೇಳ್ಬೋದಂತೆ."

ಶನಿವಾರ ಬೆಳಿಗ್ಗೆ ಹಳದಿ ಬಟ್ಟೆಯಲ್ಲಿ ಕಾಣಿಕೆ ಕಟ್ಟಿಕೊಂಡು ಮತ್ತೆ ಗುಡಿಗೆ ಹೋದೆವು. ಅಪ್ಪ ಈ ಸಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ.

"ತಪ್ಪಾಯ್ತು ಸಾಮಿ. ಕೊಯಮತ್ತೂರಾ?"

ಹೂ ಅಲುಗಲಿಲ್ಲ.

"ಮದ್ರಾಸಾ ಅನ್ನು" ಎಂದು ನಾನು ತಿವಿದೆ. ಅಪ್ಪ ಅರೆಮನಸ್ಸಿನಿಂದ ಅಂದ. ಅದಕ್ಕೂ ಅಲುಗಲಿಲ್ಲ. ಎಡಕ್ಕೆ ಬಿದ್ದು ಬೇಡ ಎಂದಿದ್ದರೂ ಒಂದು ದಾರಿಯಿತ್ತು. ಅದೂ ಇಲ್ಲ. ಹೂವಿನ ನೀರು ಆರುತ್ತಾ ಬಂತು. ಊರ ಮುಂದೆ ತಾಳವಾಡಿ ಬಸ್ಸಿನ ಹಾರನ್ನು ಕೇಳಿಸಿತು.

"ಏನ್ ಸಿದ್ದಯ್ಯ ಇದು?" ಎಂದ ಅಪ್ಪ, ಬೆವರುತ್ತಾ.

ಸಿದ್ದಯ್ಯ ಗಡ್ಡ ಕೆರೆದುಕೊಂಡ. "ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ ಅಂದ್ರೆ, ನಿಮ್ಮಿಷ್ಟ ಅಂದಂಗೆ ಕಣ್ರಪ್ಪ."

ಅಪ್ಪನಿಗೆ ದೇವರು ಅವನ ಆಯಸ್ಸಿನಲ್ಲಿ ಒಂದು ಸಲವೂ ನಿಮ್ಮಿಷ್ಟ ಎಂದಿರಲಿಲ್ಲ. ಸಂತೆಯಲ್ಲಿ ಹಗ್ಗ ಕಳಚಿದ ಎತ್ತಿನಂತೆ ಅತ್ತಿತ್ತ ನೋಡಿದ. ಅವ್ವನನ್ನು ನೋಡಿದ, ನನ್ನನ್ನು ನೋಡಿದ. ಕೊನೆಗೆ ಕಂಬದ ಪಕ್ಕ ನಿಂತಿದ್ದ ಮಗಳ ಕಡೆ ತಿರುಗಿದ.

"ನಿನ್ನಿಷ್ಟ ಏನವ್ವ?"

ಇಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳಿಗಾಗಿ ಅಷ್ಟೆಲ್ಲ ಕಿರುಚಿದ ನಾನೂ.

"ತಿರುನೆಲ್ವೇಲಿ" ಎಂದಳು ಶಾಂತ. ಒಂದು ಚೂರೂ ತಡಮಾಡಲಿಲ್ಲ.

ಸಿದ್ದಯ್ಯನಿಗೇ ಕೆಮ್ಮು ಬಂತು. "ಅದೆಲ್ಲಿ ಅದವ್ವ?"

"ತಮಿಳುನಾಡು ಮುಗಿಯೋ ಕಡೆ."

"ಅಲ್ಲ ಕಣಮ್ಮಿ," ನನ್ನ ಮೈಯೆಲ್ಲ ಉರಿಯಿತು, "ಮದ್ರಾಸು ಅಂತ ನಾನ್ ಇಷ್ಟು ಬಡ್ಕೊಂಡೆನಲ್ಲ, ಅಲ್ಲೇನ್ ಕಮ್ಮಿ?"

"ನೀನು ಮದ್ರಾಸ್ಗೂ ಬತ್ತೀಯ, ಅಣ್ಣ. ಗೇಟ್ ಮುಂದೆ ನಿಂತ್ಕೊಂಡು ಅಮ್ಮೀ ಅಂತೀಯ. ಅಪ್ಪ ಕೊಯಮತ್ತೂರ್ಗೆ ಚೀಲ ಒತ್ಕೊಂಡು ಬತ್ತಾನೆ. ಅಲ್ಲಿಗಾದ್ರೆ ನಿಮ್ ಕೈಲಿ ವಾರವಾರ ಬರಕ್ಕಾಗಕ್ಕಿಲ್ಲ. ನಾನು ಒಂದಷ್ಟು ಓದ್ಕೊತೀನಿ."

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅಪ್ಪ ಲಿಂಗದ ಕಡೆ ನೋಡಿದ. ಎರಡು ಹೂವೂ ಇನ್ನೂ ಅಂಟಿಕೊಂಡೇ ಇದ್ದವು. "ಬರಿ ಮಗಾ, ಬರಿ. ಬಸ್ ಓಗ್ಬುಡ್ತದೆ" ಎಂದ.

ಗುಡಿಯ ಜಗಲಿಯ ಮೇಲೆಯೇ ಕೂತು ಬರೆದಳು. ಓಡಿಹೋಗಿ ಬಸ್ಸು ಹಿಡಿದೆವು. ದಾರಿಯಲ್ಲಿ ನಾನು ಅವಳ ಜೊತೆ ಮಾತಾಡಲಿಲ್ಲ. ಹಿಟ್ಟು ಹೊತ್ತು ಸವೆದದ್ದು ನನ್ನ ಹೆಗಲು, ನನ್ನನ್ನೇ ತಪ್ಪಿಸಿಕೊಳ್ಳಲು ರಾಜ್ಯದ ಕೊನೆ ಹುಡುಕಿದ್ದಾಳೆ! ತಾಳವಾಡಿಯಲ್ಲಿ ಅವಳು ಲಕೋಟೆ ಹಾಕಲು ಅಂಚೆಯೊಳಕ್ಕೆ ಹೋದಳು. ಆ ಹೊತ್ತಿಗೆ ಸತ್ಯಮಂಗಲದ ಬಸ್ಸು ಬಂದು ನಿಂತಿತು. ನಾನು ಕಂಡಕ್ಟರನ ಹತ್ತಿರ ಹೋಗಿ, ಮೆಲ್ಲಗೆ ತಮಿಳಿನಲ್ಲಿ, ತಿರುನೆಲ್ವೇಲಿಗೆ ಹೋಗಲು ಎಲ್ಲೆಲ್ಲಿ ಬಸ್ಸು ಬದಲಾಯಿಸಬೇಕು ಎಂದು ಕೇಳಿದೆ.

"ಅಣ್ಣಾ!" ಎಂದು ಹಿಂದಿನಿಂದ ಕೂಗು ಬಂತು. ಅಂಗಡಿಬೀದಿಯ ಜನರೆಲ್ಲ ತಿರುಗಿ ನೋಡಿದರು.