ಆರನೆಯ ಜೊತೆ ಕೈಗವಸು

ಬಿಳಿ ಕೈಗವಸು ಹಂಚುತ್ತ ಬಂದ ವಾಲ್ಟ್ ಡೆಂಪ್ಸ್‌ಟರ್ ಐದನೆಯವನ ಹತ್ತಿರ ನಿಂತುಬಿಟ್ಟ. ಶವಪೆಟ್ಟಿಗೆ ಹೊರುವವರು ಆರು ಮಂದಿ. ಅವನ ಕೈಯಲ್ಲಿ ಇನ್ನೊಂದು ಜೊತೆ ಇರಲಿಲ್ಲ.

“ಎಣಿಸೋಕೆ ಬರಲ್ವಾ ವಾಲ್ಟ್ ಮಾಮ?” ಎಂದಳು ಲೆನೋರಾ. ಪೆಟ್ಟಿಗೆಯಲ್ಲಿ ಮಲಗಿದ್ದವಳು ಅವಳ ತಾಯಿ, ಓಪಲ್ ಗ್ರಿಗ್ಸ್.

“ಬರುತ್ತಮ್ಮಾ. ಬೇಕಂತಲೇ ಐದು ತಂದೆ.” ವಾಲ್ಟ್ ಊರಿನ ಮಾಜಿ ಸೈನಿಕರ ಸಂಘದ ಮುಖ್ಯಸ್ಥ. “ಬಾವುಟ ಹೊದಿಸಿರೋ ಪೆಟ್ಟಿಗೆ ಇದು. ಸೈನ್ಯ ಕತ್ತು ಹಿಡಿದು ಹೊರಗೆ ದಬ್ಬಿದೋನು ಇದನ್ನ ಮುಟ್ಟೋದು ನಂಗೆ ಸರಿ ಕಾಣಲ್ಲ.”

“ಅಮ್ಮ ಆರು ಹೆಸರು ಬರೆದಿಟ್ಟಿದಾಳೆ. ಆರನೇದು ಟೆರೆಲ್ ಕಾಬ್. ಆರೂ ಜನ ಹೊರಬೇಕು, ಇಲ್ಲಾ ಪೆಟ್ಟಿಗೆ ಚರ್ಚಲ್ಲೇ ಇರಲಿ. ಕಾನ್ಸಸ್ ಚಳಿ, ಏನೂ ಕೆಡಲ್ಲ.”

ಹಿಂದಿನ ಬೆಂಚಿನಿಂದ ಯಾರೋ ಪಿಸುಗುಟ್ಟಿದರು: “ಓಪಲ್ಲೇ ಎದ್ದು ಕೂತು ಮಾತಾಡಿದ ಹಾಗಾಯ್ತು!”

ಗೋಡೆಗೆ ಒರಗಿ ನಿಂತಿದ್ದ ಟೆರೆಲ್‌ಗೆ ಈಗ ನಲವತ್ತೈದು ದಾಟಿತ್ತು. ಈ ಪೆಟ್ಟಿಗೆಗೆ ಹೆಗಲು ಕೊಡಲೆಂದೇ ಒಂಬತ್ತು ಗಂಟೆ ಲಾರಿ ಓಡಿಸಿಕೊಂಡು ಬಂದಿದ್ದ. ಅವನು ನಿಂತ ಜಾಗ ಬಿಡಲಿಲ್ಲ.

*

ಓಪಲ್ ಕೂಡ ಸೈನ್ಯದವಳೇ; ಇಪ್ಪತ್ತೆರಡು ವರ್ಷ ಸೇನಾ ಜೈಲಿನಲ್ಲಿ ಕೈದಿಗಳ ಸಲಹೆಗಾರ್ತಿಯಾಗಿದ್ದಳು. ಸಲಹೆ ಎಂದರೆ ತಲೆ ಸವರಿ ಸಮಾಧಾನ ಹೇಳುವುದು ಎಂದುಕೊಂಡವರು ಅವಳನ್ನು ಕಂಡವರಲ್ಲ.

ಆಗ ಅಲ್ಲಿ ಕೈದಿಯಾಗಿದ್ದ ಟೆರೆಲ್ ಒಂದು ದಿನ ಮೇಜಿನ ಆಚೆ ಕೂತು, ಸತ್ತ ಸೈನಿಕನ ತಾಯಿಗೆ ಬರೆದ ಕಾಗದವನ್ನು ಮುಂದೆ ತಳ್ಳಿದ್ದ. “ಕತ್ತಲಾಗಿತ್ತು. ಅಪಘಾತವಾಯಿತು. ನಿಮ್ಮ ಮಗನ ಸಾವಾಯಿತು.”

ಓಪಲ್ ಅದನ್ನು ನಾಲ್ಕು ಚೂರು ಮಾಡಿದಳು.

“ಏನೋ ಇದು, ಆಯಿತು ಆಯಿತು? ಬೆಳಗಾಯ್ತು, ಮಳೆಯಾಯ್ತು ಅಂದ ಹಾಗೆ! ಯಾರು ಮಾಡಿದ್ದು?”

“ಎಷ್ಟು ಸಲ ಹರೀತೀರಾ ಮೇಡಂ? ಕಾಗದ ಮುಗಿದುಹೋಗುತ್ತೆ.”

“ನನ್ನ ಹತ್ರ ಕಾಗದ ಬೇಕಾದಷ್ಟಿದೆ. ನಿನ್ನ ಹತ್ರ ಐದು ವರ್ಷ ಇದೆ. ಬರಿ.”

ಹತ್ತೊಂಬತ್ತನೆಯ ಕಾಗದದಲ್ಲಿ ಎರಡೇ ಸಾಲಿತ್ತು: “ಕುಡಿದು ಲಾರಿ ಓಡಿಸಿದೆ. ನಿಮ್ಮ ಮಗನನ್ನು ಕೊಂದೆ.” ಅದನ್ನು ಅವಳು ಹರಿಯಲಿಲ್ಲ. ಅಳುತ್ತ ಅವನು ಕೈ ಚಾಚಿದ. ಓಪಲ್ ತನ್ನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಒಳಗಿರೋವಾಗ ಕೈದಿ ಕೈ ಮುಟ್ಟೋ ಹಾಗಿಲ್ಲ. ಹೊರಗೆ ಕೊಡ್ತೀನಿ.”

ಅವನು ಬಿಡುಗಡೆಯಾದದ್ದು ಜನವರಿಯ ಒಂದು ಬೆಳಗ್ಗೆ. ಓಪಲ್ ಗೇಟು ದಾಟಿ ಹಿಮದಲ್ಲಿ ನಿಂತಳು. ಹಲ್ಲಿನಿಂದ ಕಚ್ಚಿ ಉಣ್ಣೆಯ ಕೈಗವಸು ಎಳೆದುಹಾಕಿ, ಅವನ ಕೈ ಹಿಡಿದು ಎರಡು ಸಲ ಜೋರಾಗಿ ಕುಲುಕಿದಳು. “ಗವಸು ಹಾಕ್ಕೊಂಡು ಕುಲುಕಿದ್ರೆ ಅದು ಕೈ ಕುಲುಕಿದ ಹಾಗಲ್ಲ” ಎಂದಳು.

*

“ಇಷ್ಟಕ್ಕೂ ಏನಾಗಿತ್ತಯ್ಯಾ ನಿಂದು?” ವಾಲ್ಟ್ ಕೊನೆಗೆ ಟೆರೆಲ್‌ನ ಮುಂದೆ ಬಂದು ನಿಂತ.

“ಆಗಿದ್ದಲ್ಲ ಸಾರ್, ಮಾಡಿದ್ದು. ಕುಡಿದು ಓಡಿಸಿದೆ. ಪಕ್ಕದಲ್ಲಿ ಕೂತಿದ್ದ ಹುಡುಗನ್ನ ಕೊಂದೆ. ಪ್ರತಿ ವರ್ಷ ಅವನ ತಾಯಿಗೆ ಬರೀತೀನಿ. ಅವರು ಉತ್ತರ ಬರೆದಿಲ್ಲ.”

ವಾಲ್ಟ್‌ಗೆ ಜೈಲಿಗೆ ಹೋಗಿಬಂದ ಎಷ್ಟೋ ಜನ ಗೊತ್ತಿತ್ತು. ಎಲ್ಲರಿಗೂ ಏನೋ ಆಗಿತ್ತು. ಮಾಡಿದೆ ಎಂದವನನ್ನು ಅವನು ಇದೇ ಮೊದಲು ನೋಡಿದ್ದು. ತನ್ನ ಕೈಗವಸನ್ನೇ ಬಿಚ್ಚಿ ಚಾಚಿದ.

“ಹಾಕ್ಕೋ.”

“ಬೇಡ ಸಾರ್. ಬರಿಗೈ ಸಾಕು.”

“ಪೆಟ್ಟಿಗೆ ಹಿಡಿ ಹಿತ್ತಾಳೇದು ಕಣಯ್ಯಾ. ಈ ಚಳೀಲಿ ಚರ್ಮ ಕಿತ್ತು ಬರುತ್ತೆ.”

“ಗೊತ್ತು ಸಾರ್.”

ವಾಲ್ಟ್ ಕೈಗವಸನ್ನು ಮತ್ತೆ ಹಾಕಿಕೊಳ್ಳಲಿಲ್ಲ, ಕೋಟಿನ ಜೇಬಿಗೆ ತುರುಕಿದ. “ಆರೂ ಜನ, ಎತ್ತಿ” ಎಂದ. ಲೆನೋರಾಳಿಗೆ ಆಗ ಅಳು ಬಂತು.

ಸ್ಮಶಾನದಲ್ಲಿ ಗಾಳಿ ಬೀಸುತ್ತಿತ್ತು. ಪೆಟ್ಟಿಗೆಯನ್ನು ಗುಣಿಗೆ ಅಡ್ಡಲಾಗಿ ಬಿಗಿದಿದ್ದ ಪಟ್ಟಿಗಳ ಮೇಲೆ ಇಳಿಸಿದರು. ವಾಲ್ಟ್ ಸೆಲ್ಯೂಟ್ ಹೊಡೆದ. ಐವರು ಹಿಡಿ ಬಿಟ್ಟು ಹಿಂದೆ ಸರಿದರು. ಟೆರೆಲ್ ಬಿಡಲಿಲ್ಲ. ಬಗ್ಗಿ, ಆ ಹಿಡಿಯನ್ನು ಎರಡು ಸಲ ಜೋರಾಗಿ ಕುಲುಕಿದ. ಆಮೇಲೆ ಬಿಟ್ಟ. ಮಂಜು ಕಟ್ಟಿದ್ದ ಹಿತ್ತಾಳೆಯ ಮೇಲೆ ಅವನ ನಾಲ್ಕು ಬೆರಳಿನ ಗುರುತು ಉಳಿದಿತ್ತು.